ಪಾರ್ಕಿನ ಜಾಗ

ಹಾಸನ, ೧೪ ಮಾರ್ಚ್ ೧೯೬೨, ಬುಧವಾರ

ಕಳ್ಳಿ ಕೀಳಿಸಿದ್ದು ನಾನೇ. ಇನ್ಯಾರ ಮೇಲೆ ಹಾಕಲಿ?

ಹೊಸ ಬಡಾವಣೆಗೆ ಪಾರ್ಕು ಬೇಕೆಂದು ಇಂಜಿನಿಯರ್ ವರದರಾಜರು ಹೇಳಿದ್ದರು. ಕೇರಿಯ ಹಿಂದಿನ ಬಯಲಿನಲ್ಲಿ ಮನೆಯಿಲ್ಲ, ಗುಡಿಯಿಲ್ಲ, ಒಂದು ಕಲ್ಲೂ ಇಲ್ಲ. ಅಲ್ಲಲ್ಲಿ ಕಳ್ಳಿಗಿಡ, ಅಷ್ಟೇ. ಖಾಲಿ ಜಾಗವೆಂದು ನಕ್ಷೆಯಲ್ಲಿ ಹಸಿರು ಬಳಿದೆ. ಇವತ್ತು ಬೆಳಿಗ್ಗೆ ಆಳು ಬಿಟ್ಟು ನೆಲ ಮಟ್ಟ ಮಾಡಿಸಿದೆ.

ಮಧ್ಯಾಹ್ನ ಕೇರಿಯ ಬೆಟ್ಟಮ್ಮ ಓಡಿ ಬಂದಳು.

"ಕಲ್ಲು ನಿಲ್ಸಕ್ಕೆ ನಮ್ತಾವ ಏನೈತೆ ಸಾ? ಸತ್ತೋರ್ನ ಮಣ್ಣು ಮಾಡಿ, ತಲೆತಾವ ಒಂದು ಕಳ್ಳಿ ನೆಡ್ತೀವಿ. ಅದ್ನೂ ಕಿತ್ಬುಟ್ರಲ್ಲಾ!"

ಇಂಜಿನಿಯರರಿಗೆ ಹೇಳಿದೆ. "ಹೇಗೂ ಗುರುತು ಹೋಯಿತಲ್ಲ, ನಾಳೆಯೇ ಬೇಲಿ ಹಾಕಿಸಿಬಿಡಿ" ಎಂದರು. ಥೂ! ಇದಕ್ಕೆ ನಗರ ಯೋಜನೆ ಎಂದು ಹೆಸರು.

ಸಂಜೆಯವರೆಗೂ ಅವಳು ಆ ಮಟ್ಟವಾದ ನೆಲದಲ್ಲಿ ಅಲ್ಲಿಷ್ಟು ಕೂತು, ಇಲ್ಲಿಷ್ಟು ಕೂತು ಮಣ್ಣಿನ ಮೇಲೆ ಕೈಯಾಡಿಸುತ್ತಿದ್ದಳು. ನಾನು ಹೊರಡುವಾಗ ನಕ್ಷೆಯ ಸುರುಳಿ ಕಂಡು ಹತ್ತಿರ ಬಂದಳು.

"ಊರೆಲ್ಲಾ ಇದ್ರಲ್ಲೈತೆ ಅಂತಾರೆ. ನನ್ ಮಗ ಎಲ್ಲವ್ನೆ, ಒಸಿ ತೋರ್ಸಿ ಸಾ."

ಬಿಡಿಸಿದೆ. ಹಸಿರಿನಲ್ಲಿ ಎಲ್ಲೋ ಒಂದು ಕಡೆ ಬೆರಳಿಟ್ಟೆ.

ಅವಳು ಬಗ್ಗಿ, ಆ ಕಾಗದಕ್ಕೆ ಹಣೆ ಹಚ್ಚಿದಳು.