ತಮ್ಮ ಸಹಾಯ ಕೇಂದ್ರದ ಖಾಲಿ ಕುರ್ಚಿಯಲ್ಲಿ ಕೂತವನ ಅಹವಾಲು

ಮಹಾನಗರದ ಮಹಾ ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರೇ,

ಕಳೆದ ಗುರುವಾರ ಊಟದ ಹೊತ್ತಿನಲ್ಲಿ ತಮ್ಮ ‘ವಿದ್ಯಾರ್ಥಿ ಸಹಾಯ ಕೇಂದ್ರ’ವನ್ನು ನಡೆಸಿದವನು ನಾನು. ನನ್ನ ಬಳಿ ನೇಮಕಾತಿ ಆದೇಶ ಇರಲಿಲ್ಲ. ಕುರ್ಚಿ ಖಾಲಿ ಇತ್ತು, ಎದುರಿಗೆ ಜನ ನಿಂತಿದ್ದರು. ಇದನ್ನೇ ಆದೇಶವೆಂದು ಭಾವಿಸಿ ಕೂತೆ. ಆ ಸೇವೆಗೆ ಸಂಬಳ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅಲ್ಲಿ ಕೂತಿದ್ದಾಗ ಒಬ್ಬರು ನನಗೊಂದು ಪ್ರಶ್ನೆ ಕೇಳಿದರು, ಉತ್ತರ ನನಗೆ ತಿಳಿಯಲಿಲ್ಲ. ತಮಗೆ ಎರಡು ಸಲ ಇ-ಮೇಲ್ ಮಾಡಿದೆ. ‘ನಿಮ್ಮ ಪ್ರಶ್ನೆ ನಮಗೆ ಅಮೂಲ್ಯವಾದುದು’ ಎಂದು ಎರಡು ಸಲವೂ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಅಮೂಲ್ಯವಾದ ವಸ್ತುಗಳನ್ನು ಯಾರೂ ಮುಟ್ಟುವುದಿಲ್ಲ ಎಂಬುದು ನಮ್ಮ ಮನೆಯ ಶೋಕೇಸ್ ನೋಡಿಯೇ ನನಗೆ ಗೊತ್ತು. ಹಾಗಾಗಿ ಅದೇ ಪ್ರಶ್ನೆಯನ್ನು ಈಗ ನಾಲ್ಕು ಜನ ಓದುವ ಜಾಗದಲ್ಲಿ ಕೇಳುತ್ತಿದ್ದೇನೆ. ಪ್ರವೇಶ ಪಡೆಯಲು ಕೊನೆಯ ದಿನ ಸೋಮವಾರ; ಅಷ್ಟರೊಳಗೆ ತಾವು ಉತ್ತರಿಸದಿದ್ದರೆ ನಮ್ಮಕ್ಕ ಸ್ನೇಹಾಳಿಗೆ ತಮ್ಮಲ್ಲಿ ಸಿಕ್ಕಿರುವ ಎಂ.ಎಸ್ಸಿ. ಸೀಟು ಕೈಬಿಟ್ಟು ಹೋಗುತ್ತದೆ. ಅವಳು ಓದಬೇಕೆಂದಿರುವುದು ಸೂಕ್ಷ್ಮಜೀವಿಗಳ ಬಗ್ಗೆ. ಆದರೆ ಅವಳ ದಾರಿಗೆ ಅಡ್ಡ ನಿಂತಿರುವುದು ಬರಿಗಣ್ಣಿಗೇ ಕಾಣುವಂಥ ಸಂಗತಿ.

ನಮ್ಮದು ದಾವಣಗೆರೆಯ ಆನೆಕೊಂಡ. ಸ್ನೇಹಾ ಬಿ.ಎಸ್ಸಿ. ಮಾಡಿದ್ದು ಹರಿಹರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಡಿಕೊಂಡು. ಹರಿಹರದಲ್ಲೇ ಅಂಗಡಿ ಇಟ್ಟಿರುವ ನಮ್ಮ ಬಕ್ಕೇಶ್ ಮಾವ, ತಮ್ಮ ವಿಶ್ವವಿದ್ಯಾಲಯದಿಂದ ಪತ್ರ ಬಂದ ದಿನವೇ ಮನೆಗೆ ಬಂದು ಕೂತ. “ಇಲ್ಲೇ ಪಕ್ಕದಾಗ ಎಂ.ಎಸ್ಸಿ. ಐತೆ. ಬೆಳಗ್ಗೆ ಹೋಗಿ ಸಂಜಿಗೆ ಬರಬೌದು. ಅಷ್ಟು ದೊಡ್ಡ ಊರಾಗ ಏನೈತೆ ಅಂತ?” ಎಂದ. ಸ್ನೇಹಾ ಹೇಳಿದ್ದು ಒಂದೇ ಮಾತು: “ಮಾವ, ನಮ್ಮ ಲ್ಯಾಬಿನಾಗ ಮೈಕ್ರೋಸ್ಕೋಪು ಒಂದು, ನೋಡೋ ತಲೆ ಮೂವತ್ತು. ನನ್ನ ಪಾಳಿ ಬರೋದ್ರಾಗ ಜೀವಿ ಸತ್ತೋಗಿರ್ತತೆ.” ಆದರೂ ಮಾವ ಮಾತು ನಿಲ್ಲಿಸಲಿಲ್ಲ.

ಕೊನೆಗೆ ತೀರ್ಪು ಕೊಟ್ಟವಳು ನಮ್ಮಜ್ಜಿ ದ್ರಾಕ್ಷಾಯಣಮ್ಮ. “ಮನಿ ನೋಡಿ ಬರಾಣ” ಎಂದಳು. ಇದನ್ನು ತಮಗೆ ವಿವರಿಸುವುದು ನನ್ನ ಕರ್ತವ್ಯ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹಿರಿಯರು ಗಂಡಿನ ಮನೆಗೆ ಹೋಗುತ್ತಾರೆ. ನೀರು ಹೇಗಿದೆ, ಅಡುಗೆಮನೆಯಲ್ಲಿ ಬೆಳಕಿದೆಯೇ, ಆ ಮನೆಯವರು ಬಂದವರಿಗೆ ಕೂಡ್ರಿ ಅನ್ನುತ್ತಾರೋ ಇಲ್ಲವೋ, ಎಲ್ಲ ನೋಡುತ್ತಾರೆ. ಮಾತು ಮುಗಿಯುವವರೆಗೆ ಅಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಒಪ್ಪಿಗೆಯಾದರೆ ಎರಡೂ ಕಡೆಯವರ ಬಾಯಿಗೆ ಸಕ್ಕರೆ. ಹುಡುಗಿಯನ್ನು ಮನೆಯಿಂದ ಕಳಿಸಿಕೊಡುವ ವಿಷಯದಲ್ಲಿ ನಮ್ಮಜ್ಜಿಗೆ ಗೊತ್ತಿರುವ ವಿಧಾನ ಇದೊಂದೇ. ವರ ಒಂದು ವಿಶ್ವವಿದ್ಯಾಲಯ ಎಂಬ ಕಾರಣಕ್ಕೆ ವಿಧಾನ ಬದಲಿಸುವ ಅಗತ್ಯ ಅವಳಿಗೆ ಕಾಣಲಿಲ್ಲ. ಸಕ್ಕರೆಯನ್ನು ಪೊಟ್ಟಣ ಕಟ್ಟಿ, ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದಳು. ಜೊತೆಗೆ ಮಾವ, ಅಕ್ಕ, ಮತ್ತು ಗಾಂಭೀರ್ಯಕ್ಕೆಂದು ನಾನು.

ತಮ್ಮ ಗೇಟಿನಲ್ಲಿ ಸೆಕ್ಯುರಿಟಿಯವರು ತಡೆದರು.

“ಯಾರನ್ನ ನೋಡ್ಬೇಕು?”

“ಮನಿ ನೋಡಾಕ ಬಂದೀವಪ್ಪಾ” ಎಂದಳು ಅಜ್ಜಿ.

“ಯಾವ ಮನೆ?”

“ಇದೇ.”

ಅವರು ಹಿಂದೆ ತಿರುಗಿ ಆಡಳಿತ ಭವನದ ಕಂಬಗಳನ್ನು ಒಮ್ಮೆ ನೋಡಿದರು. ತಾವು ಕಾಯುತ್ತಿರುವುದು ಒಂದು ಮನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ‘ಭೇಟಿಯ ಉದ್ದೇಶ’ ಎಂಬಲ್ಲಿ ನಾನು ‘ಸಂಬಂಧ’ ಎಂದು ಬರೆದು ಸಹಿ ಹಾಕಿದೆ. ಒಳಗೆ ಬಿಟ್ಟರು.

ತಮ್ಮ ಮನೆಯ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ನಾವು ನ್ಯಾಯಸ್ಥರು. ನೀರು ಚೆನ್ನಾಗಿದೆ, ಅಜ್ಜಿ ಮೂರು ನಲ್ಲಿ ತಿರುಗಿಸಿ ಮೂರರಲ್ಲೂ ಕುಡಿದಳು. ಮರಗಳಿವೆ, ಮರದಡಿಯಲ್ಲಿ ಕೂತು ಯಾರ ಅಪ್ಪಣೆಯೂ ಇಲ್ಲದೆ ವಾದ ಮಾಡುವ ಹುಡುಗಿಯರಿದ್ದಾರೆ. ಗ್ರಂಥಾಲಯದ ಬಾಗಿಲಲ್ಲಿ ನಿಂತು ಅಜ್ಜಿ, “ಇಷ್ಟನ್ನೂ ಓದಿದೋರು ಯಾರಾರ ಅದಾರೇನು?” ಎಂದಳು. ಇಲ್ಲ ಎಂದೆ. “ಮತ್ತೆ ಇಟ್ಟಾರಲ್ಲ, ದೊಡ್ಡ ಮನಸ್ಸು” ಎಂದಳು. ಪ್ರಯೋಗಾಲಯದ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತ ಸ್ನೇಹಾ ಅಲ್ಲಿಂದ ಕದಲಲಿಲ್ಲ. ಒಳಗೆ ಉದ್ದಕ್ಕೂ ಮೈಕ್ರೋಸ್ಕೋಪುಗಳು. “ಒಬ್ಬೊಬ್ರಿಗೆ ಒಂದೊಂದು ಐತೆ ಮಾವ” ಎಂದಳು. ಆ ದನಿಯನ್ನು ನಮ್ಮ ಮನೆಯವರು ಅವಳ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ. ಬಕ್ಕೇಶ್ ಮಾವ ಕೂಡ ಸುಮ್ಮನಾದ. ಇದು ಈ ಪತ್ರದಲ್ಲಿ ನಾನು ದಾಖಲಿಸುತ್ತಿರುವ ಅತ್ಯಂತ ಅಪರೂಪದ ಘಟನೆ.

ಇನ್ನುಳಿದದ್ದು ಮಾತುಕತೆ. ಗಂಡಿನ ಕಡೆಯ ಹಿರಿಯರು ಕೂತು ಮಾತಾಡಬೇಕಲ್ಲ. ಸಹಾಯ ಕೇಂದ್ರಕ್ಕೆ ಹೋದರೆ ಕುರ್ಚಿಯ ಮೇಲೆ ಒಂದು ಟವೆಲ್ ಮಾತ್ರ ಕರ್ತವ್ಯನಿರತವಾಗಿತ್ತು. ಎದುರಿಗೆ ಬೇರೆ ಬೇರೆ ಊರಿನ ಅಪ್ಪ ಅಮ್ಮಂದಿರು ಫೈಲು ಹಿಡಿದು ನಿಂತಿದ್ದರು. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಆಗ ನಾನು ಟವೆಲ್ಲನ್ನು ಗೌರವದಿಂದ ಸರಿಸಿ ಕೂತು, “ಬರ್ರಿ, ಕೂಡ್ರಿ” ಎಂದೆ. ಹಾಸ್ಟೆಲ್ ಕಚೇರಿ ಎಲ್ಲಿ, ಫೋಟೊ ಎಷ್ಟು ಬೇಕು, ಶೌಚಾಲಯ ಯಾವ ಕಡೆ ಎಂದೆಲ್ಲ ಕೇಳಿದರು. ಉತ್ತರಗಳು ಹಿಂದಿನ ಗೋಡೆಯ ಮೇಲೇ ಇದ್ದವು, ಓದಿ ಹೇಳಿದೆ. ಒಬ್ಬ ತಾಯಿ ನನಗೆ ಚಕ್ಕುಲಿ ಕೊಟ್ಟರು. ಪಾಳಿ ಸರಿಯುತ್ತ ಬಂದು ಕೊನೆಯಲ್ಲಿ ಎದುರಿನ ಬೆಂಚಿಗೆ ಬಂದು ಕೂತವಳು ನಮ್ಮಜ್ಜಿ.

“ಅಜ್ಜಿ, ನಾನು ಕಿರಣ” ಎಂದೆ.

“ಈಗ ನೀನು ಆ ಕಡಿಯವ. ಕೇಳಿದ್ದಕ್ಕೆ ಹೇಳು” ಎಂದಳು. “ನಿಮ್ಮ ಮನಿಯಾಗ ಎಷ್ಟು ಮಂದಿ ಮಕ್ಕಳು?”

“ಹತ್ತಿಪ್ಪತ್ತು ಸಾವಿರ ಇರಬೌದು.”

“ಇಷ್ಟು ಮಂದ್ಯಾಗ ಒಂದು ಹುಡುಗಿಗೆ ಜ್ವರ ಬಂದ್ರೆ ಯಾರಿಗೆ ಗೊತ್ತಾಗ್ತತೆ?”

ತಮ್ಮ ಪರವಾಗಿ ನಾನು ಕೈಲಾದಷ್ಟು ಹೋರಾಡಿದೆ, ಕುಲಸಚಿವರೇ. “ಹಾಜರಿ ಮಷೀನ್ ಐತೆ ಅಜ್ಜಿ, ದಿನಾ ಬೆರಳು ಒತ್ತಬೇಕು” ಎಂದೆ.

“ಒತ್ತದಿದ್ರೆ?”

“ಗೈರು ಅಂತ ಬರಕಂತತೆ.”

“ಬರಕಂಡು?”

“ಸೆಮಿಸ್ಟರ್ ಕೊನಿಗೆ ದಂಡ ಹಾಕ್ತತೆ.”

ಅಜ್ಜಿ ನನ್ನನ್ನೇ ನೋಡುತ್ತ ಕೂತಳು. ಯಾರ ಮುಂದೆ ಬೇಕಾದರೂ ಮುಖ ಬಿಗಿಹಿಡಿದು ಕೂರಬಲ್ಲವನೆಂದು ನನಗೆ ಹೆಸರಿದೆ. ಅವತ್ತು ಮೇಜಿನ ಮೇಲಿನ ಗೋಂದಿನ ಬಾಟಲಿ ನೋಡಿಕೊಂಡು ಕೂತೆ. ಅಷ್ಟರಲ್ಲಿ ಆ ಕುರ್ಚಿಯ ನಿಜವಾದ ಒಡೆಯರು ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದರು. ನನ್ನನ್ನು ಬೈಯುತ್ತಾರೆಂದುಕೊಂಡೆ. “ಸ್ವಲ್ಪ ಹಾಗೇ ಕೂತಿರ್ತೀರಾ? ಬ್ಯಾಂಕಿಗೆ ಹೋಗಿ ಬಂದ್ಬಿಡ್ತೀನಿ” ಎಂದು ಹೊರಟರು. ನಾನು ಯಾರು ಎಂದು ಕೇಳಲಿಲ್ಲ. ಅಜ್ಜಿ ಎದ್ದು ನಿಂತು, ಸಕ್ಕರೆ ಪೊಟ್ಟಣವನ್ನು ಚೀಲದ ತಳಕ್ಕೆ ತಳ್ಳಿದಳು.

ಈ ಮುದುಕಿಗೆ ಜ್ವರದ ಚಿಂತೆ ಯಾಕೆ ಎಂದು ತಮಗೆ ಅನ್ನಿಸಬಹುದು. ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಹಜೀರಾಬೀ ಎಂಬುವರು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದಾರೆ. ಸ್ನೇಹಾ ಒಂದು ದಿನ ಕ್ಲಾಸು ತಪ್ಪಿಸಿ, ಒಬ್ಬಳೇ ಹೊಳೆ ದಂಡೆಗೆ ಹೋಗಿ ನೀರು ನೋಡುತ್ತ ಕೂತಿದ್ದಳು. ಹೊಳೆಯ ದಾರಿ ಹಿಡಿದದ್ದನ್ನು ಹಜೀರಾಬೀ ಕಂಡರು, ಬಕ್ಕೇಶ್ ಮಾವನಿಗೆ ಹೇಳಿದರು, ಮಾವ ಫೋನು ಹಚ್ಚಿದ. ಅಕ್ಕನ ಬಸ್ಸು ನಡುದಾರಿಯ ಬಾತಿ ಊರು ದಾಟುವುದರೊಳಗೆ ಆನೆಕೊಂಡದಲ್ಲಿ ವಿಚಾರಣೆಗೆ ಚಾಪೆ ಹಾಸಿತ್ತು. “ನೀರು ನೋಡಿದೆ” ಎಂದಳು. “ಮನಿಯಾಗ ನೀರಿಲ್ಲೇನು?” ಎಂದ ಮಾವ. ಅದಾದ ಮೇಲೆ ಆ ಮಂಡಕ್ಕಿ ಅಂಗಡಿ ದಾಟುವಾಗ ಅಕ್ಕ ಕಳ್ಳಿಯ ಹಾಗೆ ತಲೆ ತಗ್ಗಿಸಿ ಬಿರಬಿರನೆ ನಡೆಯುತ್ತಿದ್ದಳು, ಏನೂ ಕದಿಯದೆ.

ಮರುವರ್ಷ ಅದೇ ಅಂಗಡಿಯ ಮುಂದೆ ಅವಳು ಕಾಲೆಳೆಯುತ್ತ ಹೋದಾಗ ಹಜೀರಾಬೀ ಗಲ್ಲಾ ಬಿಟ್ಟು ಎದ್ದು ಬಂದು ಕೈ ಹಿಡಿದರು. “ದಿನಾ ನನ್ನ ಮ್ಯಾಲೆ ಸಿಟ್ಟಿನಾಗೆ ಹೋಗ್ತಿದ್ದೆ, ಇವತ್ತು ಸಿಟ್ಟೂ ಇಲ್ಲಲ್ಲ ಬೇಟಿ” ಎಂದರು. ಮೈ ಸುಡುತ್ತಿತ್ತು. ಡೆಂಗ್ಯೂ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅಜ್ಜಿ ಇವತ್ತಿಗೂ ಮರೆತಿಲ್ಲ. ಹೊಳೆಯ ಸುದ್ದಿ ಮುಟ್ಟಿಸಿದ ಕಣ್ಣೇ ಜ್ವರವನ್ನೂ ಕಂಡಿತು. ಸಣ್ಣ ಊರಿನಲ್ಲಿ ಇವೆರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ, ಬಿಡಿಯಾಗಿ ಮಾರುವುದಿಲ್ಲ. ತಮ್ಮಲ್ಲಿ ಎರಡೂ ದಾಸ್ತಾನಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಸ್ನೇಹಾ ಬಾಯಿ ಬಿಟ್ಟಳು. “ಯಾರಿಗೂ ಗೊತ್ತಾಗಲ್ಲ ಅಂತಾನೇ ಅಲ್ಲಿಗೆ ಹೋಗಬೇಕು ಅನ್ನಿಸಿದ್ದು ಅಜ್ಜಿ. ಬರೀ ಮೈಕ್ರೋಸ್ಕೋಪಿಗಲ್ಲ.”

ಮಾವ ಬಾಯಿ ತೆರೆದ. ಅಜ್ಜಿ ಕೈ ಎತ್ತಿ ತಡೆದಳು. “ಹೊಳಿ ನೋಡಿದ್ದು ಗೊತ್ತಾಗದು ಬ್ಯಾಡ, ಬಿಡು. ನಿನ್ನ ವಯಸ್ಸಿನಾಗ ನಂಗೂ ಯಾರೂ ನೋಡದು ಬ್ಯಾಡಾಗಿತ್ತು. ಜ್ವರ?”

ಅಕ್ಕ ಕಿಟಕಿಯ ಕಡೆ ತಿರುಗಿದಳು.

“ಒಂದು ಹೆಸರು ತಗಂಬಾ” ಎಂದಳು ಅಜ್ಜಿ. “ಅಷ್ಟು ದೊಡ್ಡ ಮನಿಯಾಗ ಒಬ್ರದು. ಅವತ್ತೇ ಸಕ್ಕರೆ.”

ಹಾಸ್ಟೆಲ್ ವಾರ್ಡನ್ ಇದ್ದಾರಲ್ಲ ಎಂದು ತಾವು ಹೇಳಬಹುದು. ಫೋನ್ ಮಾಡಿದೆವು. ಯಾವ ಬ್ಲಾಕು, ಯಾವ ಕೊಠಡಿ ಎಂದರು. ಇನ್ನೂ ಸೇರಿಲ್ಲ ಎಂದೆವು. ಸೇರದವರಿಗೆ ಜ್ವರ ಬರುವ ಅವಕಾಶ ಇಲ್ಲ ಎಂಬರ್ಥದಲ್ಲಿ ಏನೋ ಹೇಳಿ ಇಟ್ಟರು. ವಿದ್ಯಾರ್ಥಿ ಕ್ಷೇಮಪಾಲನಾ ಸಮಿತಿ ಇದೆ ಎನ್ನಬಹುದು. ಸಮಿತಿಯ ಅಂಗೈ ಎಲ್ಲಿರುತ್ತದೆ, ಸ್ವಾಮಿ? ಅದು ಹಣೆ ಮುಟ್ಟಿ ನೋಡಲು ಕೋರಂ ಎಷ್ಟು ಬೇಕು? ಈ ಕಥೆ ಕೇಳಿದ ಹಜೀರಾಬೀ, “ಅಲ್ಲಿ ಗೇಟಿನತ್ರ ಮಂಡಕ್ಕಿ ಮಾರೋರು ಯಾರೂ ಇಲ್ಲೇನ್ರಿ?” ಎಂದು ಕೇಳಿದರು. ಇದ್ದರಂತೆ. ಸುಂದರೀಕರಣಕ್ಕೆಂದು ಎಬ್ಬಿಸಿದಿರಂತೆ. ಈಗ ಆ ಜಾಗದಲ್ಲಿ ಕುಂಡಗಳಿವೆ. ಕುಂಡಗಳು ಸುಂದರವಾಗಿವೆ, ನಾನೇ ನೋಡಿದೆ. ಅವುಗಳಲ್ಲಿ ಒಂದಾದರೂ ಎದ್ದು ಬಂದು ಯಾರ ಕೈಯನ್ನಾದರೂ ಹಿಡಿದಿದೆಯೇ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಸೋಮವಾರದೊಳಗೆ ಒಂದು ಹೆಸರು ಕೊಡಿ. ಪ್ರಾಧ್ಯಾಪಕರಾಗಲಿ, ಅಡುಗೆಯವರಾಗಲಿ, ಗ್ರಂಥಾಲಯದಲ್ಲಿ ಚೀಲ ಕಾಯುವವರಾಗಲಿ, ಹುದ್ದೆ ಬೇಡ, ಹೆಸರು ಸಾಕು. ಅವರ ಅರ್ಹತೆಗಳನ್ನು ಅಕ್ಕನೇ ಹೇಳಿ ಬರೆಸಿದ್ದಾಳೆ: ‘ನಾನು ಹೊಳೆ ನೋಡಲು ಹೋದರೆ ಅವರಿಗೆ ಗೊತ್ತಾಗಬಾರದು, ಗೊತ್ತಾದರೂ ಯಾರಿಗೂ ಹೇಳಬಾರದು. ಜ್ವರ ಬಂದರೆ ಗೊತ್ತಾಗಬೇಕು.’ ತಮ್ಮ ಊರಿನಲ್ಲಿ ಹೊಳೆ ಇಲ್ಲವೆಂದು ಅವಳಿಗೆ ಹೇಳಿದೆ. ಕೆರೆಯಾದರೂ ಆದೀತು ಎಂದಳು.

ಅಂಥವರು ಒಬ್ಬರೂ ಇಲ್ಲವಾದರೆ ಇಲ್ಲ ಎಂದೇ ತಮ್ಮ ಮುದ್ರೆ ಒತ್ತಿ ಬರೆದು ಕಳಿಸಿ. ಅಜ್ಜಿಗೆ ಓದಿ ಹೇಳುತ್ತೇನೆ. ಆಮೇಲೆ ಅಕ್ಕನಿಗೆ ಹೇಗೆ ಹೇಳುವುದೆಂದು ಮಾತ್ರ ನನಗೆ ತಿಳಿದಿಲ್ಲ. ಅವಳು ಟ್ರಂಕಿಗೆ ಬಟ್ಟೆ ಜೋಡಿಸಿಟ್ಟುಕೊಂಡು, ಮುಚ್ಚಳ ಮಾತ್ರ ಹಾಕದೆ ಬಿಟ್ಟಿದ್ದಾಳೆ. ಸಕ್ಕರೆ ಪೊಟ್ಟಣ ಅಡುಗೆಮನೆಯ ಗೂಡಿನಲ್ಲಿದೆ, ಅಜ್ಜಿ ಯಾರಿಗೂ ಮುಟ್ಟಗೊಡುತ್ತಿಲ್ಲ. ಇರುವೆಗಳು ಸ್ವಂತ ನಿರ್ಧಾರ ತೆಗೆದುಕೊಂಡು ನಿನ್ನೆಯಿಂದ ಬರತೊಡಗಿವೆ.

ಇಂತಿ,
ಆ ಟವೆಲ್‌ನ ಸಹೋದ್ಯೋಗಿ, ತಮ್ಮ ಸಂಸ್ಥೆಯ ಪರವಾಗಿ ಉತ್ತರ ಕೊಡಲಾಗದೆ ಗೋಂದಿನ ಬಾಟಲಿ ನೋಡುತ್ತ ಕೂತಿದ್ದ
ಬಸವಕಿರಣ್
ಆನೆಕೊಂಡ, ದಾವಣಗೆರೆ