ಕಟ್ಟೆಯ ಮೇಲಿನ ಪಾಳಿ

ಘತ್ತರಗಿ, ಅಫಜಲಪುರ ತಾಲ್ಲೂಕು

ಸಂಸ್ಥೆಯ ಮೇಲ್ವಿಚಾರಕರಾದ ಸುಶಾಂತ ಸಾಹೇಬರಿಗೆ ಶಿವಕಾಂತಾಳ ಶರಣು.

ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ತಾಯಂದಿರು ನಾವು ನಡೆಸುವ ಶನಿವಾರದ ಸಭೆಯನ್ನು ನಿಲ್ಲಿಸಿರುವುದಾಗಿ ನೀವು ಬರೆದ ಪತ್ರ ತಲುಪಿತು. ನೀವು ಸಭೆ ನೋಡಲು ಬಂದ ದಿನ ಹನ್ನೆರಡು ಮಂದಿಯಲ್ಲಿ ಆರು ಮಂದಿ ಹೊರಗೆ ಕಟ್ಟೆಯ ಮೇಲೆ ಹರಟುತ್ತ ಕುಳಿತಿದ್ದರು, ಇವರಿಗೆ ಆಸಕ್ತಿಯಿಲ್ಲ ಎಂದು ಅದರಲ್ಲಿದೆ.

ಆ ಆರು ಮಂದಿ ಹನ್ನೆರಡು ಮಕ್ಕಳನ್ನು ಹಿಡಿದುಕೊಂಡು ಕುಳಿತಿದ್ದರು! ಅರ್ಧ ತಾಸು ಅವರು, ಅರ್ಧ ತಾಸು ನಾವು. ಇದು ನಾವೇ ಮಾಡಿಕೊಂಡ ಪಾಳಿ. ನೀವು ಹತ್ತು ನಿಮಿಷಕ್ಕೇ ಎದ್ದು ಹೋದಿರಿ, ಪಾಳಿ ಬದಲಾಗುವುದನ್ನು ನೋಡಲಿಲ್ಲ.

ಅಂದು ನನ್ನ ಮಗಳು ಶಾಂಭವಿ ಆ ಆರು ಮಂದಿಯಲ್ಲಿ ಒಬ್ಬರಾದ ಸೊನ್ನ ಊರಿನ ಪ್ರಮಿಲಾಬಾಯಿಯ ಕೈ ಹಿಡಿದು ಕುಳಿತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನದಲ್ಲದ ಕೈ ಹಿಡಿದದ್ದು ಅದೇ ಮೊದಲು. "ಒಳಗ ಹೋಗ್ರಿ ಅಕ್ಕಾ, ನಾ ನೋಡ್ಕೋತೇನಿ" ಎಂದರು ಪ್ರಮಿಲಾಬಾಯಿ. ನಾನು ಚಹಾವನ್ನು ಬಿಸಿಯಿರುವಾಗಲೇ ಕುಡಿದೆ.

ಫೋನಿನಲ್ಲಿ ನೀವು "ಮಕ್ಕಳನ್ನ ಮನ್ಯಾಗ ಬಿಟ್ಟು ಬರ್ರಿ" ಎಂದಿರಿ. ಯಾರ ಹತ್ತಿರ ಬಿಡಬೇಕು? ನೋಡಿಕೊಳ್ಳುವವರು ಮನೆಯಲ್ಲಿದ್ದಿದ್ದರೆ ನಮಗೆ ಈ ಸಭೆಯೇ ಬೇಕಿರಲಿಲ್ಲ.

ನೀವು ನಿಲ್ಲಿಸಿದ್ದರೂ ಬರುವ ಶನಿವಾರ ಹನ್ನೊಂದಕ್ಕೆ ಸಭೆ ಇದೆ. ನಿಮಗೆ ಪೂರ್ತಿ ಹಾಜರಿ ಬೇಕಲ್ಲವೇ? ಹನ್ನೆರಡೂ ಮಂದಿ ಒಳಗೇ ಕುಳಿತಿರುತ್ತೇವೆ. ಕಟ್ಟೆಯ ಮೇಲೆ ಮಕ್ಕಳ ಹತ್ತಿರ ನೀವು ಕುಳಿತುಕೊಳ್ಳಿ. ಬಿಡುವು ಮಾಡಿಕೊಂಡೇ ಬನ್ನಿ. ಶಾಂಭವಿ ಹಿಡಿದ ಕೈಯನ್ನು ಹತ್ತು ನಿಮಿಷಕ್ಕೆಲ್ಲ ಬಿಡುವವಳಲ್ಲ.

ಅಂದು ಹಾಜರಿದ್ದ ಹನ್ನೆರಡೂ ತಾಯಂದಿರ ಪರವಾಗಿ,
ಶಿವಕಾಂತಾ