ಧನು ಪೂಜೆಗೆ ನಲವತ್ತೆಂಟು ಮೈಲಿ

10-12-1958, ಬುಧವಾರ

ಇವತ್ತೂ ಕಾರ್ಬುರೇಟರ್ ಬಿಚ್ಚಿ ತೊಳೆದೆ. ಗ್ರೀಸಿನ ಕೈಯಲ್ಲಿ ಗಂಧ ತೇಯಬೇಡ ಎಂದು ಅಮ್ಮನ ರಗಳೆ. ಏನು ಮಾಡಿದರೂ ಈ ಹಳೇ ಬ್ಯಾಂಟಮ್ ಬೈಕು ಗಂಟೆಗೆ ಮೂವತ್ತೈದು ಮೈಲಿ ದಾಟುವುದಿಲ್ಲ. ಮುಂದಿನ ವಾರ ಧನು ತಿಂಗಳು. ಎರಡು ದೇವಸ್ಥಾನ, ಎರಡು ಕಡೆಯೂ ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಯಬೇಕು. ಮಣ್ಣಗುಡ್ಡದಲ್ಲಿ ಮುಗಿಸಿ ಪದವಿನ ಗುಡ್ಡೆಗೆ ಓಡಬೇಕು. ಹೋದ ವರ್ಷ ಪದವು ಅಪ್ಪನದು, ಮಣ್ಣಗುಡ್ಡ ನನ್ನದು. ಈಗ ಅಪ್ಪ ಇಲ್ಲ.

12-12, ಶುಕ್ರವಾರ

ಪದವಿನ ದೇವಸ್ಥಾನದ ಮೊಕ್ತೇಸರ ರಾಯರು, ಎಲ್ಲರ ಎದುರು— "ಎಂತ ಚಕ್ರಪಾಣಿ ಭಟ್ರೇ, ದೇವರು ನಿಮ್ಮ ಬೈಕಿಗೆ ಕಾದು ಕೂರುವುದಾ? ಧನು ಪೂಜೆ ಒಂದು ದಿನ ತಡ ಆಗ್ಲಿ, ನಮ್ಮ ಬಾಲಚಂದ್ರ ಉಂಟು."

ಬಾಲಚಂದ್ರ ಅವರ ತಂಗಿಯ ಮಗ. ಮಂತ್ರ ಮರೆತರೆ ಕೆಮ್ಮುವ ಗಿರಾಕಿ. ಅವನಿಗೆ ಅಪ್ಪ ಜೀವಮಾನವಿಡೀ ದೀಪ ಹಚ್ಚಿದ ಗರ್ಭಗುಡಿ! ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಆರತಿ ಇತ್ತು, ಬೆಳಗಿ ಮುಗಿಸಿದೆ.

14-12, ಭಾನುವಾರ

ಉರ್ವದ ಅಲ್ಫೋನ್ಸನ ಗ್ಯಾರೇಜು. ಇಗರ್ಜಿಯಲ್ಲಿ ಏಸುವಿನ ಪ್ರಾರ್ಥನೆ ಮುಗಿಸಿ ಬಂದವನ ಇಸ್ತ್ರಿ ಅಂಗಿ ಬಿಚ್ಚಿಸಿ ಕೆಲಸಕ್ಕೆ ಹಚ್ಚಿದೆ. ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಗಾಲಿ, ಅದೇ ಸ್ಪ್ರಾಕೆಟ್, ತೆಗೆದು, ಓಟ ಹೆಚ್ಚಲು ಹಲ್ಲು ಕಡಿಮೆ ಇರುವ ಸಣ್ಣದು ಹಾಕಿದ. ತೂಕ ಇಳಿಸಲು ಕ್ಯಾರಿಯರ್, ಮಡ್‌ಗಾರ್ಡ್, ಚರ್ಮದ ಸೀಟು... ಎಲ್ಲ ಕಿತ್ತೆವು. ಸೀಟಿನ ಜಾಗಕ್ಕೆ ಹಲಸಿನ ಹಲಗೆ. ಚರ್ಮ ತೊಲಗಿತೆಂದು ಅಮ್ಮನಿಗೆ ಖುಷಿ. ನನ್ನ ಸೊಂಟ ಯಾರಿಗೆ ಬೇಕು?

ಕೊಟ್ಟಾರದ ಸಮ ರಸ್ತೆಯಲ್ಲಿ ಬಿಟ್ಟೆ. ನಲವತ್ತೆಂಟು! ಜುಟ್ಟು ಬಿಚ್ಚಿ ಹಾರಿತು. ರಾಯರ ಹೆಸರು ಹಿಡಿದು ಗಂಟಲು ಹರಿಯುವಂತೆ ಬೈದೆ. ಗಾಳಿಗೆ ಯಾರಿಗೂ ಕೇಳಿಸಲಿಲ್ಲ.

"ಒಮ್ಮೆ ಏರಿನಲ್ಲಿ ಬಿಟ್ಟು ನೋಡಿ ಭಟ್ರೇ, ದಮ್ಮು ಕಡಿಮೆ ಆಗಿರ್ತದೆ," ಅಂದ ಅಲ್ಫೋನ್ಸ್.

"ಅಪಶಕುನ ನುಡಿಯಬೇಡ ಮಾರಾಯ. ನನಗೆ ಪುರುಸೊತ್ತಿಲ್ಲ."

16-12, ಮಂಗಳವಾರ, ಮಧ್ಯಾಹ್ನ

ಪದವಿನ ಏರು. ಅರ್ಧದಲ್ಲಿ ಗೊರಗೊರ ಎಂದು ನಿಂತಿತು. ಫಸ್ಟ್ ಗೇರಿನಲ್ಲೂ ಹತ್ತಲಿಲ್ಲ. ಇಳಿದು ದೂಡಿದೆ. ಪಂಚೆ ಚೈನಿಗೆ ಸಿಕ್ಕಿ ಹರಿಯಿತು. ಮೇಲಿನಿಂದ ಗಂಟೆ ಕೇಳಿತು. ಬೇರೆ ಕೈಯ ಗಂಟೆ.

ರಾಯರು ಮೆಟ್ಟಿಲಲ್ಲೇ ನಿಂತಿದ್ದರು. "ನಡೆದು ಬಂದಿದ್ರೆ ಮೊದಲೇ ಮುಟ್ತಿದ್ರಿ ಭಟ್ರೇ." ಜನ ನಕ್ಕರು. ಹೊರಗೆ ಭಕ್ತರ ಸಾಲಿನಲ್ಲಿ ನಿಂತು ತೀರ್ಥಕ್ಕೆ ಕೈ ಒಡ್ಡಿದೆ— ಅಪ್ಪನ ದೇವರ ಎದುರು! ಬಾಲಚಂದ್ರ ನನ್ನ ಮುಖ ನೋಡದೆ ಸೌಟು ಬಗ್ಗಿಸಿದ.

17-12

ಥೂ.

27-12, ಶನಿವಾರ

ಬಾಲಚಂದ್ರ ಮನೆಗೆ ಬಂದ! ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ.

"ಅಣ್ಣ, ಮಾವ ಈಗ ಪದವಿನ ಜೊತೆಗೆ ಉರ್ವದ ಪೂಜೆಯನ್ನೂ ನನ್ನ ತಲೆಗೆ ಕಟ್ಟಿದ್ದಾರೆ. ಓಡಿ ಓಡಿ ಸಾಕಾಯ್ತು. ನಿಮ್ಮ ಬೈಕು ಸುಮ್ಮನೆ ಉಂಟಲ್ಲ, ಈ ತಿಂಗಳಿಗೆ ಕೊಡ್ತೀರಾ?"

ಎಷ್ಟು ಧೈರ್ಯ! ಕತ್ತು ಹಿಡಿದು ದೂಡಬೇಕೆನಿಸಿತು.

"ಪದವು ಬೇಡ ಅಂತಲೇ ಹೇಳಿದ್ದೆ. ಮಾವನ ಎದುರು ಎಂತ ಮಾತಾಡುವುದು?" ಅಂದ. ಅವನ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಬರಲಿ.

"ಏರು ಹತ್ತುತ್ತದಾ ಅಣ್ಣ?"

"ಹತ್ತುತ್ತದೆ. ಯಾಕೆ ಹತ್ತುವುದಿಲ್ಲ?" ಅಂದೆ. ಸೋಮವಾರ ನಸುಕಿಗೇ ಬಂದು ಕೊಂಡುಹೋಗು ಅಂದೆ. ಕೈ ಮುಗಿದು ಹೋದ, ಪೆದ್ದ.

ಅರ್ಧ ಏರಿನಲ್ಲಿ ನಿಲ್ಲಲಿ. ಪಂಚೆ ಹರಿಯಲಿ. ರಾಯರು ಮೆಟ್ಟಿಲಲ್ಲಿ ನಿಂತು ಕಣ್ಣು ತುಂಬ ನೋಡಲಿ.

28-12, ಭಾನುವಾರ, ಬೆಳಿಗ್ಗೆ

ಮಣ್ಣಗುಡ್ಡದ ಪೂಜೆ ಮುಗಿಸಿ ಬಂದೆ. ಕಾಫಿ ಸೇರಲಿಲ್ಲ. ನಾಳೆ ಬಾಲಚಂದ್ರ ಏರಿನಲ್ಲಿ ನಿಂತರೆ ಪದವಿನಲ್ಲಿ ದೀಪ ಹಚ್ಚುವವರು ಯಾರು? ರಾಯರು ಹಚ್ಚುತ್ತಾರಾ? ಸೂರ್ಯ ಹುಟ್ಟುವಾಗ ಬಾಗಿಲು ಮುಚ್ಚಿಯೇ ಇರುತ್ತದೆ. ಜ್ವರ ಬಂದರೂ ಅಪ್ಪ ಒಂದು ದಿನ ಹಾಗೆ ಬಿಟ್ಟವರಲ್ಲ.

ಹಾಳಾಗಿ ಹೋಗಲಿ ಎಲ್ಲ. ಹಳೇ ಸ್ಪ್ರಾಕೆಟ್ ಅಟ್ಟದಲ್ಲಿ ಸಿಕ್ಕಿತು. ಮೊದಲಿನಷ್ಟೇ ನಿಧಾನ, ಆದರೆ ಹತ್ತುತ್ತದೆ. ಚೀಲಕ್ಕೆ ಹಾಕಿದ್ದೇನೆ. ಅಲ್ಫೋನ್ಸ್ ಇಗರ್ಜಿಗೆ ಹೊರಡುವ ಮೊದಲೇ ಹೋಗಿ ಇದನ್ನು ಹಾಕಿಸಿ—